ಊರಿಗೊಬ್ಬರು ಕೈತೋಟದ ಮೇಷ್ಟ್ರು

‘ಮೆಣಸಿನ ಗಿಡದ ಎಲೆ ಮುಟುರಿಕೊಂಡಿದೆ, ಏನು ಹೊಡೆಯೋಣ?’ ಕೈತೋಟದ ಬಗ್ಗೆ ಒಂದಿಷ್ಟು ಬಲ್ಲವರನ್ನು ಹಳ್ಳಿಯಲ್ಲಿ ಜನ ಮೊದಲು ಕೇಳುವುದೇ ಇದನ್ನು. ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ಅಕ್ಕ ಬೇಲಿಯಾಚೆ ನಿಂತು ಹೀಗೆ ಕೇಳಿದಾಗ ನಾನು ಗಿಡದ ಹತ್ತಿರವೂ ಹೋಗದೆ ‘ಬೇವಿನ ಕಷಾಯ ಹೊಡೀರಿ ಅಕ್ಕಾ’ ಅಂದುಬಿಟ್ಟೆ. ಅವರು ನಂಬಿ ವಾರಕ್ಕೊಮ್ಮೆ ಹೊಡೆದರು. ಹತ್ತು ಗಿಡಗಳಲ್ಲಿ ಎರಡಕ್ಕಿದ್ದ ಮುಟುರು ತಿಂಗಳೊಳಗೆ ಏಳಕ್ಕೆ ಹಬ್ಬಿತು. ಆಮೇಲೆ ಹೋಗಿ ನೋಡಿದರೆ ಅದು ಬಿಳಿ ನೊಣ ಹರಡಿದ ನಂಜು ರೋಗ. ಒಮ್ಮೆ ತಗುಲಿದ ಗಿಡಕ್ಕೆ ಔಷಧಿಯಿಲ್ಲ. ಮೊದಲ ದಿನವೇ ಆ ಎರಡು ಗಿಡ ಕಿತ್ತು ಸುಟ್ಟಿದ್ದರೆ ಉಳಿದವು ಬದುಕುವ ಸಾಧ್ಯತೆ ಹೆಚ್ಚಿತ್ತು. ಗಿಡ ಬೆಳೆಸಲು ಬರುವುದೇ ಬೇರೆ, ಇನ್ನೊಬ್ಬರ ಗಿಡಕ್ಕೆ ಸಲಹೆ ಕೊಡುವುದೇ ಬೇರೆ ಎಂಬುದು ನನಗೆ ಮನದಟ್ಟಾದದ್ದು ಅಂದು. ಈ ಎರಡನೆಯದಕ್ಕೆ ತರಬೇತಿ ಬೇಕೇ ಬೇಕು.

ಅಮೆರಿಕದಲ್ಲಿ ಇಂಥದ್ದೊಂದು ತರಬೇತಿ ಐದು ದಶಕಗಳಿಂದ ನಡೆಯುತ್ತಿದೆ. 1970ರ ದಶಕದ ಆರಂಭದಲ್ಲಿ ಸಿಯಾಟಲ್, ಟಕೋಮಾ ನಗರಗಳ ಸುತ್ತ ಮನೆತೋಟ ಮಾಡುವವರು ಹೆಚ್ಚಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿಸ್ತರಣಾಧಿಕಾರಿಗಳಿಗೆ ಅವರ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಡೇವಿಡ್ ಗಿಬ್ಬಿ ಮತ್ತು ಬಿಲ್ ಶೀರ್ ಎಂಬ ಅಧಿಕಾರಿಗಳು ಒಂದು ದಾರಿ ಹುಡುಕಿದರು: ಆಸಕ್ತರಿಗೆ ಪುಕ್ಕಟೆಯಾಗಿ ಕಲಿಸುವುದು, ಕಲಿತವರು ಊರಿನವರಿಗೆ ಪುಕ್ಕಟೆಯಾಗಿ ಹೇಳಿಕೊಡುವುದು. ಟಕೋಮಾದ ಒಂದು ಮಾಲ್‌ನಲ್ಲಿ ಮೇಜು ಹಾಕಿ ‘ಗಿಡಗಳ ಚಿಕಿತ್ಸಾಲಯ’ ನಡೆಸಿ ಪರೀಕ್ಷಿಸಿದರು. ‘ಮಾಸ್ಟರ್ ಗಾರ್ಡನರ್’ ಎಂಬ ಆ ಯೋಜನೆ ಈಗ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇದೆ. ಅದರ ಕಟ್ಟುಪಾಡುಗಳಲ್ಲಿ ಎರಡು ನನಗೆ ಬಹಳ ಹಿಡಿಸಿವೆ. ಸಂಶೋಧನೆಯಿಂದ ಖಚಿತವಾದುದನ್ನಷ್ಟೇ ಹೇಳಬೇಕು. ಆ ಹೆಸರು ಹೇಳಿಕೊಂಡು ಔಷಧಿ, ಗೊಬ್ಬರ ಮಾರಿ ಲಾಭ ಮಾಡಿಕೊಳ್ಳುವಂತಿಲ್ಲ. ನಮ್ಮಲ್ಲಿ ರೈತರಿಗೆ ಸಲಹೆ ಸಿಗುವುದು ಹೆಚ್ಚಾಗಿ ಔಷಧಿ ಅಂಗಡಿಯ ಕಟ್ಟೆಯಲ್ಲೇ. ಮಾರುವವರೇ ಸಲಹೆಗಾರರೂ ಆದಾಗ ಬೇಡದ ಬಾಟಲಿಯೂ ಚೀಲ ಸೇರುತ್ತದೆ. ಏನನ್ನೂ ಮಾರದ ಸಲಹೆಗಾರರೊಬ್ಬರು ಊರಲ್ಲಿರಬೇಕು ಎನ್ನುವುದು ಇದಕ್ಕೇ.

ಕಲಿಯುವುದೆಲ್ಲಿ? ಮೊದಲು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಕೈತೋಟ, ಸಸಿ ಬೆಳೆಸುವುದು, ಎರೆಗೊಬ್ಬರ, ಪೌಷ್ಟಿಕ ತೋಟ ಇವುಗಳ ತರಬೇತಿ ಅಲ್ಲಿ ನಡೆಯುತ್ತಿರುತ್ತದೆ. ಒಬ್ಬರೇ ಹೋಗಿ ಕೇಳುವುದಕ್ಕಿಂತ ಸಂಘದ ಹತ್ತು ಹದಿನೈದು ಮಂದಿ ಸೇರಿ ಅರ್ಜಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ತಾಲ್ಲೂಕಿನ ತೋಟಗಾರಿಕೆ ಕಚೇರಿ, ಹೋಬಳಿಯ ರೈತ ಸಂಪರ್ಕ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೂ ಇವೆ. ಸ್ವಸಹಾಯ ಸಂಘದಲ್ಲಿರುವ ಹೆಣ್ಣುಮಕ್ಕಳು ‘ಕೃಷಿ ಸಖಿ’ ಆಗುವ ಬಗ್ಗೆ ಒಕ್ಕೂಟದಲ್ಲಿ ವಿಚಾರಿಸಬಹುದು. ಕೇಂದ್ರದ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಸಚಿವಾಲಯಗಳು 2023ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಇವರಿಗೆ 56 ದಿನಗಳ ತರಬೇತಿಯಿದ್ದು, ಮೊದಲ ಹಂತದ 12 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಸಖಿಯರ ಕೆಲಸಕ್ಕೆ ಸಂಭಾವನೆಯುಂಟು, ಹಾಗಾಗಿ ಅದು ಪೂರ್ತಿ ಸ್ವಯಂಸೇವೆಯಲ್ಲ. ಆದರೆ ಕಲಿಯುವ ಅವಕಾಶ ದೊಡ್ಡದು.

ಕಲಿಯಬೇಕಾದ ಮೊದಲ ವಿದ್ಯೆ ನೋಡುವುದು. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿಯೊಂದನ್ನು ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಅದೇ ಮೆಣಸಿನ ಗಿಡವನ್ನು ತೆಗೆದುಕೊಳ್ಳಿ. ಎಲೆಯ ಅಂಚು ಮೇಲಕ್ಕೆ, ದೊನ್ನೆಯಂತೆ ಮಡಚಿಕೊಂಡಿದ್ದರೆ ಥ್ರಿಪ್ಸ್ ಇರಬಹುದು. ಎಳೆ ಎಲೆಯನ್ನೋ ಹೂವನ್ನೋ ಬಿಳಿ ಹಾಳೆಯ ಮೇಲೆ ಕೊಡವಿದರೆ ದಾರದ ಎಳೆಯ ಚೂರುಗಳಂಥ ಹುಳು ಹರಿದಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಬಾಗಿ, ಎಲೆ ಬೋರಲು ಹಾಕಿದ ದೋಣಿಯಂತಾಗಿ ತೊಟ್ಟು ಉದ್ದವಾಗಿದ್ದರೆ ನುಸಿ. ಅದು ಬರಿಗಣ್ಣಿಗೆ ಸಿಗದು, ಸುಳಿಯ ಎಲೆಯನ್ನು ಮಗುಚಿ ಗಾಜಿನಡಿ ನೋಡಬೇಕು. ಎಲೆ ಚಿಕ್ಕದಾಗಿ, ನರಗಳ ನಡುವೆ ಉಬ್ಬಿ, ಗಿಡವೇ ಗಿಡ್ಡಗೆ ಪೊದೆಯಂತಾಗಿದ್ದರೆ ನಂಜು ರೋಗದ ಅನುಮಾನ ಪಡಿ. ಥ್ರಿಪ್ಸ್‌ಗೆ ಬೇವಿನ ಬೀಜದ ಕಷಾಯ, ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ನಂಜಿಗೆ ಗಿಡ ಕೀಳುವುದು. ಉರಿಬಿಸಿಲಿನಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆ, ಸೌತೆಯ ಜಾತಿಯ ಬಳ್ಳಿಗಳಿಗಂತೂ ಅದು ಬೇಗ ತಾಗುತ್ತದೆ. ಇದನ್ನೂ ಹೇಳಿ ಮುಗಿಸಿದರೆ ಮಾತ್ರ ಸಲಹೆ ಪೂರ್ತಿಯಾದಂತೆ.

ಅಳತೆಯ ವಿಷಯದಲ್ಲಿ ನನ್ನದೊಂದು ಹಟವಿದೆ. ಪುಸ್ತಕಗಳಲ್ಲಿ ಎಕರೆಗೆ ಇಷ್ಟು, ನೂರು ಲೀಟರಿಗೆ ಇಷ್ಟು ಎಂದಿರುತ್ತದೆ. ಇಪ್ಪತ್ತು ಗಿಡದ ಹಿತ್ತಲಿಗೆ ಅದು ಹೇಗೆ ಹೊಂದೀತು? ಶೇಕಡಾ 5ರ ಬೇವಿನ ಕಷಾಯ ಎನ್ನುವ ಬದಲು ಹೀಗೆ ಹೇಳಿ: ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಂ ತೂಗಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಹಿಂಡಿ, ಸೋಸಿ, ಒಟ್ಟು ಒಂದು ಲೀಟರ್ ಮಾಡಿ, ಚೂರು ಸೋಪಿನ ನೀರು ಬೆರೆಸಿ ಅದೇ ದಿನ ಸಂಜೆ ಹೊಡೆಯಿರಿ. ಬಾಯಲ್ಲಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ. ಅವರ ಕೈಯಲ್ಲೇ ತೂಗಿಸಿ, ಅವರ ಕೈಯಲ್ಲೇ ಹಿಂಡಿಸಿ.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದೂ ಹಾಗೆಯೇ. ಇಂಗ್ಲಿಷಿನ ‘ವಿ’ ಆಕಾರದಲ್ಲಿ 15 ಸೆಂಟಿಮೀಟರ್ ಗುಂಡಿ ತೋಡಿ ಬದಿಯ ಮಣ್ಣು ಹೆರೆಯುವುದನ್ನು ಒಮ್ಮೆ ಮಾಡಿ ತೋರಿಸಿದರೆ ಸಾಕು. ಕೀಟನಾಶಕದ ಡಬ್ಬಿಯ ಬಣ್ಣದ ಗುರುತನ್ನು ಓದು ಬಾರದವರೂ ಕಲಿಯಬಲ್ಲರು: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ ಎಂದು ಒತ್ತಿ ಹೇಳಿ, ಹಿತ್ತಲಿನಲ್ಲಿ ಮಕ್ಕಳು ಓಡಾಡುತ್ತಾರೆ.

ಗೊತ್ತಿಲ್ಲದ ಪ್ರಶ್ನೆ ಖಂಡಿತ ಬರುತ್ತದೆ. ‘ನಾಳೆ ಕೇಳಿ ಹೇಳ್ತೀನಿ’ ಎನ್ನಲು ಸಂಕೋಚ ಬೇಡ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಎಲೆಯ ಎರಡೂ ಮಗ್ಗುಲಿನ, ಇಡೀ ಗಿಡದ, ಬುಡದ ಫೋಟೊ ತೆಗೆದು ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳಿಗೆ ಕಳಿಸಿದರೆ ಅವರಿಗೂ ಹೇಳುವುದು ಸುಲಭ.

ಮುಂಗಾರಿಗೆ ಮೊದಲೇ, ಮೇ ತಿಂಗಳಲ್ಲಿ, ನಾಲ್ಕೈದು ಮನೆಯಿಂದ ಶುರುಮಾಡಿ. ಒಂದು ನೋಟ್‌ಬುಕ್ ಇಡಿ. ಯಾರ ಮನೆ, ಯಾವ ಗಿಡ, ಏನು ಕಂಡಿತು, ಏನು ಹೇಳಿದಿರಿ ಎಂದು ತಾರೀಖಿನೊಂದಿಗೆ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಕಾಲಂ ಖಾಲಿ ಬಿಡಿ. ಹತ್ತು ದಿನ ಬಿಟ್ಟು ಅದೇ ಹಿತ್ತಲಿಗೆ ಹೋಗಿ, ಗಿಡ ಚಿಗುರಿತೋ ಇಲ್ಲವೋ ಕಣ್ಣಾರೆ ನೋಡಿ, ಅಲ್ಲೇ ನಿಂತು ತುಂಬಿಸಿ.