ಶಿವಶಕ್ತಿ ಪಾಯಿಂಟಿಗೆ ಟೂರು: ಪ್ರಾಜೆಕ್ಟ್ ಮಾಡುವವರಿಗೊಂದು ಪರಿಚಯ

ಪ್ರಾಜೆಕ್ಟ್ ಇಷ್ಟೇ. ಒಂದು ಗ್ರಹವನ್ನೋ ಉಪಗ್ರಹವನ್ನೋ ಆರಿಸಿಕೊಂಡು, ಅಲ್ಲಿಗೆ ಪ್ರವಾಸ ಬನ್ನಿ ಎಂದು ಜನರನ್ನು ಕರೆಯುವ ಕರಪತ್ರ ಮಾಡಬೇಕು. ಎಂಟು, ಒಂಬತ್ತನೇ ತರಗತಿಯವರಿಗೆ ಇದನ್ನು ಕೊಟ್ಟ ಸಂಜೆಯೇ ನಮ್ಮ ತುಮಕೂರಿನ ಸದಾಶಿವನಗರದ ಝೆರಾಕ್ಸ್ ಅಂಗಡಿಗಳಲ್ಲಿ ಶನಿಗ್ರಹದ ಕಲರ್ ಪ್ರಿಂಟಿಗೆ ಬೇಡಿಕೆ ಶುರು. ಉಂಗುರಗಳಿವೆಯಲ್ಲ, ನೋಡಲು ಚೆಂದ. ಆದರೆ ಶನಿಯಲ್ಲಿ ಕಾಲೂರಲು ನೆಲವೇ ಇಲ್ಲ. ಅದು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ. ಇಳಿಯುವ ಜಾಗವಿಲ್ಲದ ಊರಿಗೆ ಟಿಕೆಟ್ ಮಾರಬಾರದು. ಆ ಕಡೆಗೇ ಹೋಗಬೇಕೆಂಬ ಹಟವಿದ್ದರೆ ಶನಿಯ ಉಪಗ್ರಹ ಟೈಟನ್ ಆರಿಸಿಕೊಳ್ಳಿ. 2005ರ ಜನವರಿ 14ರಂದು ಹೈಗನ್ಸ್ ನೌಕೆ ಅಲ್ಲಿ ಇಳಿದಿದೆ. ಅಲ್ಲಿನ ಮಬ್ಬು ಬಹಳ ದಟ್ಟ, ಉಂಗುರ ಕಾಣಿಸುತ್ತದೆಂದು ಮಾತ್ರ ಬರೆಯಬೇಡಿ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಚಂದ್ರ. ಅದರಲ್ಲೂ ಒಂದೇ ಜಾಗ, ಶಿವಶಕ್ತಿ ಪಾಯಿಂಟ್. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿದದ್ದು ಅಲ್ಲಿ, ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಆ ನೌಕೆಯನ್ನು ನಡೆಸಿದ ಇಸ್ರೋ ಕೇಂದ್ರ ನಮ್ಮ ತುಮಕೂರು ರಸ್ತೆಯ ಪೀಣ್ಯದಲ್ಲೇ ಇದೆ. ಶಿವಶಕ್ತಿಯ ನೆಲವನ್ನು ನಮ್ಮವರೇ ಅಳೆದಿದ್ದಾರೆ, ಹಾಗಾಗಿ ಊಹಿಸಿ ಬರೆಯುವ ಕಷ್ಟ ನಿಮಗಿಲ್ಲ. ಚಿತ್ರ ಬಿಡಿಸಲು ಮಾದರಿ ಬೇಕಿದ್ದರೆ ನಾಸಾದ ಜೆಪಿಎಲ್ ಪ್ರಯೋಗಾಲಯ 2016ರಲ್ಲಿ ಹೊರತಂದ ಬಾಹ್ಯಾಕಾಶ ಪ್ರವಾಸದ ಪೋಸ್ಟರುಗಳನ್ನು ನೋಡಿ. ಬಣ್ಣ ಅಲ್ಲಿಂದ ಕಲಿಯಿರಿ, ವಾಕ್ಯಗಳು ಮಾತ್ರ ನಿಮ್ಮವೇ ಆಗಿರಲಿ. ‘ಒಂದು ರಾಜ್ಯ, ಹಲವು ಜಗತ್ತು’ ಎಂಬ ನಮ್ಮ ಪ್ರವಾಸೋದ್ಯಮದ ಘೋಷಣೆಯನ್ನು ತಿರುಚಿ ‘ಒಂದು ಚಂದ್ರ’ ಎಂದು ಶುರು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ.

ದೂರದಿಂದ ಆರಂಭಿಸಿ. ಸರಾಸರಿ 3,84,400 ಕಿ.ಮೀ. ಎಂದು ಬರೆದರೆ ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ. ನಮ್ಮೂರಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರನ್ನು ನೆನೆಯಿರಿ. ಹೋಗಿ ಬರಲು ಸುಮಾರು 140 ಕಿ.ಮೀ., ವರ್ಷಕ್ಕೆ 300 ದಿನ. ಒಂಬತ್ತು ವರ್ಷ ದಾಟಿದ ಸ್ವಲ್ಪದರಲ್ಲೇ ಅವರು ಚಂದ್ರನನ್ನು ಮುಟ್ಟಿರುತ್ತಾರೆ, ಅದೂ ಬಹುಶಃ ನಿಂತುಕೊಂಡೇ. ಈ ಲೆಕ್ಕವನ್ನು ಕರಪತ್ರದಲ್ಲಿ ಮಾಡಿ ತೋರಿಸಿದರೆ ಗಣಿತದ ಮೇಷ್ಟ್ರೂ ಖುಷಿಪಡುತ್ತಾರೆ.

ಇನ್ನು ಸೀಸನ್. ಚಂದ್ರನಲ್ಲಿ ಹಗಲು ನಮ್ಮ ಸುಮಾರು 14 ದಿನ, ರಾತ್ರಿಯೂ ಅಷ್ಟೇ. ವಿಕ್ರಮ್ ಬೆಳಗಿನ ಹೊತ್ತಿಗೆ ಇಳಿದು, ಕತ್ತಲಾಗುವ ಮುಂಚೆ, ಸೆಪ್ಟೆಂಬರ್ 4ರಂದು ಮಲಗಿತು. ರಾತ್ರಿಯ ಚಳಿ ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ, ಮತ್ತೆ ಏಳಲಿಲ್ಲ. ಆದ್ದರಿಂದ ನಿಮ್ಮ ಟೂರು ಒಂದು ಚಾಂದ್ರ ಹಗಲಿನೊಳಗೆ ಮುಗಿಯಬೇಕು. ಹಗಲಾದರೂ ಹಿತವೇ? ವಿಕ್ರಮ್‌ನಲ್ಲಿದ್ದ ‘ಚೇಸ್ಟ್’ ಉಪಕರಣ ನೆಲದೊಳಗೆ ಸರಳು ಇಳಿಸಿ ನೋಡಿತು. ಮೇಲ್ಮೈಯಲ್ಲಿ 50 ಡಿಗ್ರಿಗೂ ಹೆಚ್ಚು ಬಿಸಿ, ಬರೀ 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ. ಅಂಗೈ ಅಗಲದ ಆಳದಲ್ಲಿ ಬೇಸಿಗೆಯೂ ಇದೆ, ನೀರು ಹೆಪ್ಪುಗಟ್ಟಬಲ್ಲ ಚಳಿಯೂ ಇದೆ. ಮಣ್ಣಿನ ಪುಡಿ ಶಾಖವನ್ನು ಕೆಳಗೆ ಸಾಗಿಸುವುದೇ ಇಲ್ಲ ಎನ್ನುವಷ್ಟು ನಿಧಾನ. ಇದನ್ನು ಆಕರ್ಷಣೆ ಎಂದು ಬರೆಯುತ್ತೀರೋ, ಎಚ್ಚರಿಕೆ ಎಂದೋ? ನನ್ನ ಪ್ರಕಾರ ಎರಡೂ ಕಡೆ ಬರೆಯಬೇಕು. ಈ ಪ್ರಾಜೆಕ್ಟಿನಲ್ಲಿ ನಾನು ಅಂಕ ಕೊಡುವುದೇ ಅದಕ್ಕೆ: ಜನರನ್ನು ಸೆಳೆಯುವ ಸಂಗತಿ ಯಾವುದೋ ಅಪಾಯವೂ ಅದರಲ್ಲೇ ಇದೆಯೆಂದು ನಿಮಗೆ ಕಂಡಿತೇ?

ಗಾಳಿಯನ್ನೇ ತೆಗೆದುಕೊಳ್ಳಿ, ಅಂದರೆ ಅದು ಇಲ್ಲದಿರುವುದನ್ನು. ಅದರಿಂದಲೇ ನಡುಹಗಲಲ್ಲೂ ಆಕಾಶ ಕಪ್ಪು. ಅದರಿಂದಲೇ 1969ರಿಂದ 1972ರವರೆಗೆ ಅಲ್ಲಿ ನಡೆದಾಡಿದ 12 ಜನರ ಹೆಜ್ಜೆಗುರುತು ಅಳಿಸಿಹಾಕುವವರಿಲ್ಲ. ಅದರಿಂದಲೇ ಪಕ್ಕದಲ್ಲಿ ನಿಂತು ಕೂಗಿದರೂ ರೇಡಿಯೋ ಇಲ್ಲದೆ ಕೇಳಿಸದು, ಮತ್ತು ಹೆಲ್ಮೆಟ್ ತೆಗೆದವರ ಗತಿ ಹೇಳಬೇಕಿಲ್ಲ. ಇನ್ನು ದೂಳು. ಅದು ಗಾಳಿಯಲ್ಲೂ ನೀರಲ್ಲೂ ಸವೆಯದ ಚೂಪು ದೂಳು. ಅಪೋಲೋ 17ರಲ್ಲಿ ಹೋಗಿದ್ದ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್‌ಗೆ ನೌಕೆಯೊಳಗೆ ಬಂದ ದೂಳಿನಿಂದ ಮೂಗು ಕಟ್ಟಿತ್ತು. ರಸ್ತೆ ಅಗೆದಾಗಿನ ದೂಳು ಕುಡಿದು ಬೆಳೆದ ನಮಗೂ ಅದು ಸುಲಭವಲ್ಲ. ಡಸ್ಟ್ ಅಲರ್ಜಿ ಇರುವವರಿಗೆ ಸೂಚನೆ ಎಂದೊಂದು ಸಾಲು ಇರಲಿ.

‘ಭೂಮಿ ಹುಟ್ಟುವ ದೃಶ್ಯ ನೋಡಿ’ ಎಂದು ಅನೇಕರು ದಪ್ಪಕ್ಷರದಲ್ಲಿ ಬರೆಯುತ್ತಾರೆ. 1968ರ ಡಿಸೆಂಬರ್ 24ರಂದು ಅಪೋಲೋ 8ರವರು ತೆಗೆದ ಆ ಫೋಟೋ ಎಲ್ಲರೂ ಕಂಡದ್ದೇ. ಆದರೆ ಅವರು ಚಂದ್ರನನ್ನು ಸುತ್ತುತ್ತಿದ್ದರು. ನೆಲದ ಮೇಲೆ ನಿಂತ ನಿಮ್ಮ ಗಿರಾಕಿಗೆ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಚಂದ್ರ ಸದಾ ಒಂದೇ ಮುಖವನ್ನು ನಮಗೆ ತೋರುತ್ತಾನಲ್ಲ, ಅದರ ಫಲ ಇದು. ಶಿವಶಕ್ತಿಯಿಂದ ನೋಡಿದರೆ ಭೂಮಿ ವಾಯವ್ಯದಲ್ಲಿ, ದಿಗಂತಕ್ಕಿಂತ ಅಷ್ಟೇನೂ ಮೇಲಿಲ್ಲದ ಒಂದು ಜಾಗದಲ್ಲೇ ಕೊಂಚ ತೂಗಾಡುತ್ತ ಇರುತ್ತದೆ. ನಮಗೆ ಕಾಣುವ ಚಂದ್ರನಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಅಗಲ. ನಮ್ಮಲ್ಲಿ ಅಮಾವಾಸ್ಯೆಯಾದಾಗ ಅಲ್ಲಿಂದ ಪೂರ್ಣಭೂಮಿ. ಹೋಟೆಲಿನ ಕಿಟಕಿ ಯಾವ ದಿಕ್ಕಿಗಿರಬೇಕೆಂದು ಈಗ ನೀವೇ ಹೇಳಬಹುದು. ಕಿಟಕಿಯ ರೂಮಿಗೆ ಹೆಚ್ಚು ಬಾಡಿಗೆಯನ್ನೂ ಹಾಕಬಹುದು.

ಓಡಾಟಕ್ಕೆ ಹೆಲಿಕಾಪ್ಟರ್ ಬರೆದವರಿದ್ದಾರೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ನಮ್ಮ ಮಕ್ಕಳಿಗೆ ಅದೇ ಮೊದಲು ಹೊಳೆಯುವುದು ಸಹಜ. ರೆಕ್ಕೆಗೆ ತಳ್ಳಲು ಗಾಳಿ ಬೇಕು. ಮಂಗಳದಲ್ಲಿ ತೆಳುವಾಗಿಯಾದರೂ ಇದೆ, ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ ಅಲ್ಲಿ 72 ಸಲ ಹಾರಿತು. ಚಂದ್ರನಲ್ಲಿ ಚಕ್ರವೇ ಗತಿ. ವಿಕ್ರಮ್ ಹೊತ್ತೊಯ್ದ 26 ಕಿಲೋ ತೂಕದ ರೋವರ್ ಪ್ರಜ್ಞಾನ್ ತನ್ನ ಇಡೀ ಆಯುಷ್ಯದಲ್ಲಿ ಸಾಗಿದ್ದು ಸುಮಾರು 100 ಮೀಟರ್.

ತಯಾರಿಗೆ ದೂರ ಹೋಗಬೇಕಿಲ್ಲ. ಶಿರಾ, ಹಿರಿಯೂರು ದಾಟಿದರೆ ಚಳ್ಳಕೆರೆ. ಅಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರಯಾನ-2ಕ್ಕಾಗಿ ಕೃತಕ ಕುಳಿಗಳನ್ನು ತೋಡಿ, ಇಳಿಯುವ ನೌಕೆಯ ಸಂವೇದಕಗಳನ್ನು ವಿಮಾನದಿಂದ ಪರೀಕ್ಷಿಸಿದ್ದರು. ಚಾರ್ಟಿನ ನಕ್ಷೆಯಲ್ಲಿ ತುಮಕೂರಿನಿಂದ ಅಲ್ಲಿಗೊಂದು ಗೆರೆ ಎಳೆಯಿರಿ. ಥರ್ಮಾಕೋಲ್ ಚಂದ್ರನಿಗಿಂತ ಅದು ನನಗೆ ಹೆಚ್ಚು ಇಷ್ಟವಾಗುತ್ತದೆ.

ದರಪಟ್ಟಿಯಲ್ಲಿ ‘ಕೇವಲ 50,000 ರೂ.’ ಹಾಕಬೇಡಿ. 2001ರಲ್ಲಿ ಪ್ರವಾಸಿ ಡೆನಿಸ್ ಟಿಟೊ ಬರೀ 400 ಕಿ.ಮೀ. ಮೇಲಿನ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬರಲು ಸುಮಾರು 2 ಕೋಟಿ ಡಾಲರ್ ಕೊಟ್ಟರಂತೆ.

ಕೊನೆಯದಾಗಿ, ಶಾಲೆಯ ವಸ್ತುಪ್ರದರ್ಶನದ ದಿನ ನಿಮ್ಮ ಮೇಜಿನ ಮುಂದೆ ಐದನೇ ತರಗತಿಯವರು ಬಂದು ನಿಲ್ಲುತ್ತಾರೆ. ಅವರು ಕೇಳುವುದು ಗುರುತ್ವದ ಬಗ್ಗೆ ಅಲ್ಲ. “ಅಕ್ಕ, ಅಲ್ಲಿ ಬಾತ್‌ರೂಮ್ ಇದ್ಯಾ?” ನಗಬೇಡಿ, ಅದು ಒಳ್ಳೆಯ ಪ್ರಶ್ನೆ. ಅಪೋಲೋ ಯಾತ್ರಿಕರು ಪೋಷಾಕಿನೊಳಗೇ ವ್ಯವಸ್ಥೆ ಮಾಡಿಕೊಂಡು ಹೋಗಿದ್ದರು; ತುಂಬಿದ ಚೀಲಗಳನ್ನು, ತೂಕ ಉಳಿಸಲೆಂದು, ಅಲ್ಲೇ ಬಿಟ್ಟು ಬಂದರು. ಅವು ಇನ್ನೂ ಅಲ್ಲೇ ಇವೆ ಎಂದು ಹೇಳಿ, ಮಕ್ಕಳು ಇಡೀ ಶಾಲೆಯನ್ನೇ ನಿಮ್ಮ ಸ್ಟಾಲಿಗೆ ಕರೆತರುತ್ತಾರೆ.