ಕವಲನ್ನು ತಡೆಯುವ ವಂಶವಾಹಿ

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಸುತ್ತಣ ಹೊಲಗಳಲ್ಲಿ ರಾಗಿಯೂ ಮುಸುಕಿನ ಜೋಳವೂ ಒಂದೇ ಮಳೆಯನ್ನು ನಂಬಿ ಬೆಳೆಯುತ್ತವೆ. ಆದರೂ ರಾಗಿಯ ಒಂದು ಕಾಳು ಹಲವು ತೆಂಡೆಗಳನ್ನೊಡೆದು ಗುಂಪಾಗಿ ನಿಲ್ಲುತ್ತದೆ. ಮುಸುಕಿನ ಜೋಳದ ಕಾಳು ಸಾಮಾನ್ಯವಾಗಿ ಒಂದೇ ದಂಟಾಗಿ ನೆಟ್ಟಗೆ ಏರುತ್ತದೆ. ಜೋಳಕ್ಕೆ ಕವಲೊಡೆಯುವ ಶಕ್ತಿಯೇ ಇಲ್ಲವೆ?

ಶಕ್ತಿಯೇನೋ ಇದೆ. ಎಲೆಯು ದಂಟನ್ನು ಸೇರುವ ಸಂದಿನಲ್ಲಿ ಮೊಗ್ಗು ಅಡಗಿರುತ್ತದೆ. ಅದು ಕವಲಾಗಿ ಬೆಳೆಯಬೇಕೆ, ಸುಮ್ಮನಿರಬೇಕೆ ಎಂಬುದನ್ನು ನಿಶ್ಚಯಿಸುವಲ್ಲಿ ನಿಯಂತ್ರಕ ವಂಶವಾಹಿಗಳ ಪಾತ್ರ ಹಿರಿದು. ನಮ್ಮ ಕೆರೆಗಳ ನೀರುಗಂಟಿಯು ನೀರನ್ನು ತಾನು ಸೃಷ್ಟಿಸುವುದಿಲ್ಲ. ಯಾವ ಗದ್ದೆಗೆ, ಯಾವಾಗ, ಎಷ್ಟು ಬಿಡಬೇಕೆಂದು ನೋಡಿಕೊಳ್ಳುತ್ತಾನೆ. ಅಂತೆಯೇ ನಿಯಂತ್ರಕ ವಂಶವಾಹಿಯಿಂದ ಉಂಟಾಗುವ ಪ್ರೋಟೀನು ಇತರ ವಂಶವಾಹಿಗಳ ಕೆಲಸವನ್ನು ಹೆಚ್ಚಿಸುತ್ತದೆ, ಇಲ್ಲವೆ ತಗ್ಗಿಸುತ್ತದೆ.

ಮುಸುಕಿನ ಜೋಳದ ತವರು ಮೆಕ್ಸಿಕೊ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನರು ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸಿ ಇದನ್ನು ಪಡೆದರು. ಟಿಯೊಸಿಂಟೆಗೆ ಉದ್ದನೆಯ ಕವಲುಗಳು ಹಲವು. ತೆನೆಗಳೋ ಪುಟ್ಟವು, ಗಟ್ಟಿ ಚಿಪ್ಪಿನ ಕೆಲವೇ ಕಾಳುಗಳುಳ್ಳವು. ಈ ರೂಪಭೇದಕ್ಕೆ ಮುಖ್ಯ ಕಾರಣವಾದ ವಂಶವಾಹಿಯೊಂದನ್ನು ಜಾನ್ ಡೋಬ್ಲಿ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದರು. ಅದು ಎರಡು ಸಸ್ಯಗಳಲ್ಲಿಯೂ ಇದೆ. ಆದರೆ ಜೋಳದಲ್ಲಿ ಹೆಚ್ಚಾಗಿ ದುಡಿದು ಕವಲನ್ನು ತಡೆಯುತ್ತದೆ. ಅದು ಕೆಟ್ಟರೆ ಜೋಳವೂ ಟಿಯೊಸಿಂಟೆಯಂತೆ ಪೊದೆಯಾಗುತ್ತದೆ.

ಹೆಚ್ಚು ದುಡಿಯಲು ಕಾರಣವೇನು? ಆ ವಂಶವಾಹಿಯಿಂದ ಸುಮಾರು 60,000 ಅಕ್ಷರಗಳಷ್ಟು ದೂರದಲ್ಲಿ ಡಿ.ಎನ್.ಎ.ಯ ಅಲೆಮಾರಿ ತುಣುಕೊಂದು ಸೇರಿಕೊಂಡಿರುವುದೇ ಕಾರಣವೆಂದು 2011ರಲ್ಲಿ ತಿಳಿದುಬಂದಿತು. ವಿಜ್ಞಾನಿಗಳು ಅದಕ್ಕೆ ನಮ್ಮ ಕುಂಟೆಬಿಲ್ಲೆಯಂಥ ಆಟದ ಹೆಸರನ್ನಿಟ್ಟಿದ್ದಾರೆ. ಇಂಥ ಅಲೆಮಾರಿ ತುಣುಕುಗಳನ್ನು ಜೋಳದಲ್ಲಿಯೇ ಮೊದಲು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆ ತುಣುಕು ಬೇಸಾಯ ಆರಂಭವಾಗುವ ಮೊದಲೇ ಕೆಲವು ಕಾಡುಗಿಡಗಳಲ್ಲಿ ಸೇರಿಕೊಂಡಿತ್ತು. ಹೆಸರರಿಯದ ರೈತರು ಕವಲು ಕಡಿಮೆಯಾಗಿ ತೆನೆ ದೊಡ್ಡದಾದ ಗಿಡಗಳ ಬೀಜವನ್ನು ತಲೆಮಾರುಗಳವರೆಗೆ ಆರಿಸಿ ಉಳಿಸಿದರು. ಕಾಡುಗಿಡಗಳಲ್ಲಿ ಆ ಭೇದ ಉಳಿದಿರದಿದ್ದರೆ ಆರಿಸಲು ಅವರಿಗೆ ಏನಿರುತ್ತಿತ್ತು? ನಮ್ಮ ನಾಟಿ ರಾಗಿಯ ತಳಿಗಳಲ್ಲಿಯೂ ನಾಳಿನ ಬರಗಾಲಕ್ಕೋ ರೋಗಕ್ಕೋ ಬೇಕಾಗುವ ಇಂಥ ಭೇದಗಳು ಅಡಗಿರಬಹುದು. ಒಂದು ತಳಿ ಅಳಿದರೆ ಅದರೊಡನೆ ಅವೂ ಅಳಿಯುತ್ತವೆ. ಆದುದರಿಂದ ಬಿತ್ತನೆಗೆಂದು ತೆಗೆದಿರಿಸಿದ ಹಿಡಿ ಬೀಜವನ್ನು ಕಾಯುವುದು ಬರಲಿರುವವರ ಅನ್ನವನ್ನು ಕಾಯುವ ಕೆಲಸವೇ ಆಗಿದೆ.