‘ಒಬ್ರೇ ಬಂದ್ರಾ?’ ಅಂದರೆ ಏನು ಹೇಳಲಿ?

ನನಗೆ 49 ವರ್ಷ. ಹುಣಸೂರು ತಾಲ್ಲೂಕಿನ ಹಳ್ಳಿ, ಹೊಗೆಸೊಪ್ಪಿನ ಬೇಸಾಯ. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಗಂಡನ ಮನೆಯಲ್ಲಿ. ಈ ಸಲ ಹರಾಜು ಮುಗಿದ ಮೇಲೆ ಒಬ್ಬಳೇ ನಾಲ್ಕು ಊರು ನೋಡಿ ಬರಬೇಕೆಂದು ಆಸೆ. ಬೈಲಕುಪ್ಪೆ, ಚುಂಚನಕಟ್ಟೆ, ಎಚ್.ಡಿ. ಕೋಟೆ ಕಡೆಯ ಕಬಿನಿ, ಇಷ್ಟು ಹತ್ತಿರವಿದ್ದೂ ಒಂದನ್ನೂ ನೋಡಿಲ್ಲ. ಮಗ ‘ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ’ ಅನ್ನುತ್ತಾನೆ, ಮೂರು ವರ್ಷದಿಂದ ಬಿಡುವಾಗಿಲ್ಲ. ಮೈದುನ ‘ಫ್ರೀ ಬಸ್ ಬಂದ್ಮೇಲೆ ಹೆಂಗಸ್ರಿಗೆ ಊರು ಸುತ್ತೋ ಚಟ’ ಅಂದ. ಗಂಡನಿಲ್ಲದವಳು ಸುಮ್ಮನೆ ತಿರುಗಿದರೆ ಜನ ಏನೆಂದಾರು ಎಂಬ ಅಳುಕು. ಹೋಟೆಲಿನಲ್ಲಿ ಒಬ್ಬಳೇ ಕೂತು ಉಣ್ಣುವುದನ್ನು ನೆನೆದರೇ ನಾಚಿಕೆ. ನನ್ನ ಆಸೆ ತಪ್ಪೇ?
– ಹೆಸರು ಬೇಡ

ತಾಯಿ, ನಿಮ್ಮ ಆಸೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ‘ಸುಮ್ಮನೆ ತಿರುಗಿದರೆ’ ಎಂದು ಬರೆದಿದ್ದೀರಲ್ಲ, ಆ ‘ಸುಮ್ಮನೆ’ ಎಂಬ ಮಾತಿನಲ್ಲೇ ಎಲ್ಲ ಇದೆ.

ನಮ್ಮ ಸೀಮೆಯ ಹೆಂಗಸರು ಎಂದೂ ಮನೆಯಲ್ಲೇ ಕೂತವರಲ್ಲ. ಬಾಣಂತನಕ್ಕೆ ಮಗಳ ಊರಿಗೆ ಹೋಗುತ್ತೇವೆ, ಸಂತೆಗೆ ಹೋಗುತ್ತೇವೆ, ಆಸ್ಪತ್ರೆಗೆ ಮೈಸೂರಿಗೆ ಹೋಗುತ್ತೇವೆ. ಶಿವರಾತ್ರಿಯಿಂದ ಯುಗಾದಿಯವರೆಗೆ ಕಪ್ಪಡಿ ಜಾತ್ರೆ ನಡೆಯುವಾಗ ಹರಕೆ ಹೊತ್ತವರನ್ನು ಯಾರೂ ತಡೆಯುವುದಿಲ್ಲ. ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಜೊತೆಗೆ ಒಂದು ನೆಪ ಇರಬೇಕು ಅಷ್ಟೆ. ನೀವು ನೆಪವಿಲ್ಲದೆ, ನೋಡಬೇಕೆಂಬ ಒಂದೇ ಕಾರಣಕ್ಕೆ ಹೊರಟಿದ್ದೀರಿ. ಮೈದುನನಿಗೆ ಚುಚ್ಚಿರುವುದು ಅದು.

ನನ್ನದನ್ನೂ ಹೇಳಬೇಕು. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿ ಒಬ್ಬಳೇ ಹೊರಟದ್ದು ಚುಂಚನಕಟ್ಟೆಗೆ. ಮನೆಯಲ್ಲಿ ಸುಳ್ಳು ಹೇಳಿದ್ದೆ, ಜೊತೆಗೆ ಕೆಲಸ ಮಾಡುವವರ ಮನೆಯ ಗೃಹಪ್ರವೇಶವೆಂದು. ಮಳೆಗಾಲ, ಕಾವೇರಿ ಕೆಂಪಾಗಿ ಧುಮುಕುತ್ತಿತ್ತು. ಕೋದಂಡರಾಮನ ಗುಡಿಯಲ್ಲಿ ಸೀತಮ್ಮ ರಾಮನ ಬಲಕ್ಕೆ ನಿಂತಿರುವುದನ್ನು ಕಣ್ತುಂಬ ನೋಡಿದೆ. ಅಷ್ಟು ಹತ್ತಿರ ಭೋರ್ಗರೆವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸದೆಂಬ ಮಾತಿದೆ. ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತೆ. ಹೊರಬಂದು, ಪಾಚಿ ಕಟ್ಟಿದ ಬಂಡೆಯ ಮೇಲೆ ಕಾಲಿಟ್ಟು ಜಾರಿದೆ. ಪಾದ ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ. ಕಾಯಿ ಮಾರುತ್ತಿದ್ದ ಹೆಂಗಸು ತಣ್ಣೀರು ಸುರಿದು, ತನ್ನ ಟವೆಲನ್ನೇ ಬಿಗಿದು ಕಟ್ಟಿ, ‘ಮನೇವ್ರ ನಂಬರ್ ಹೇಳವ್ವ’ ಅಂದಳು. ನಂಬರ್ ಬಾಯಿಗೆ ಬರುತ್ತಿತ್ತು, ಹೇಳುವ ಹಾಗಿರಲಿಲ್ಲ. ಕುಂಟುತ್ತ ಕೆ.ಆರ್. ನಗರದ ಬಸ್ ಹತ್ತಿದೆ. ಕಾಲುನೋವು ವಾರಕ್ಕೆ ಹೋಯಿತು. ನಾನು ಎಲ್ಲಿದ್ದೇನೆಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿಲ್ಲ ಅನ್ನಿಸಿದ ಆ ಗಳಿಗೆ ಮಾತ್ರ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಸುಳ್ಳು ಹೇಳಿ ಹೋಗಬೇಡಿ. ಹಿಂದಿನ ರಾತ್ರಿ ಮಗನಿಗೆ ಫೋನ್ ಮಾಡಿ, ‘ಹೋಗ್ಲಾ ಮಗಾ?’ ಎಂದು ಕೇಳುವ ಬದಲು ‘ನಾಳೆ ಬೈಲಕುಪ್ಪೆಗೆ ಹೋಗ್ತಿದ್ದೀನಿ, ವಾಪಸ್ ಬಸ್ ಹತ್ತಿದಾಗ ಫೋನ್ ಮಾಡ್ತೀನಿ’ ಎನ್ನಿ. ಅವನಿಗೆ ಕೋಪ ಬಂದೀತು. ಆ ಕೋಪದ ಒಳಗೆ ಭಯವಿದೆ, ಅಪ್ಪನನ್ನು ಕಳೆದುಕೊಂಡ ಹುಡುಗ ಅವನು. ನೀವು ಹೇಳಿದ ಹೊತ್ತಿಗೆ ಸರಿಯಾಗಿ ಫೋನ್ ಮಾಡಿದರೆ ಎರಡನೆಯ ಸಲಕ್ಕೆ ಭಯ ಅರ್ಧವಾಗುತ್ತದೆ.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಕೆಲಸದ ಮೇಲೆ ನಮ್ಮ ಸೀಮೆ ಸುತ್ತಿದ. ಪಿರಿಯಾಪಟ್ಟಣದ ಹಾಳು ಕೋಟೆಯಲ್ಲಿ ಹುಲಿಗಳು ಸೇರಿಕೊಂಡಿವೆ, ನಡುಹಗಲಲ್ಲೂ ಒಂಟಿ ಮನುಷ್ಯ ಒಳಗೆ ಹೋಗುವಂತಿಲ್ಲ ಎಂಬರ್ಥದಲ್ಲಿ ಬರೆದಿಟ್ಟ. ಇವತ್ತು ಅದೇ ಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ಒಬ್ಬೊಬ್ಬರೇ ಇಳಿದು ಹೋಗುತ್ತಾರೆ. ಎಚ್.ಡಿ. ಕೋಟೆ ಕಡೆ ಹಾಗಲ್ಲ, ಅಲ್ಲಿ ಕಾಡು ಇನ್ನೂ ಕಾಡೇ. ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ಕಾಡುರಸ್ತೆಯನ್ನು ಸಂಜೆ 6ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಆನೆ ಹೊಲಕ್ಕೆ ಇಳಿಯುವ ಹೊತ್ತು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಗೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಬಿಸಿಲಿರುವಾಗಲೇ ಹೊರಟುಬಿಡಿ. ಎಲ್ಲೇ ಇಳಿದರೂ ಮೊದಲು ವಾಪಸ್ ಬಸ್ಸಿನ ಹೊತ್ತು ಕೇಳಿ, ಆಮೇಲೆ ಊರು ನೋಡಿ. ಮೊಬೈಲಿನ ಚಾರ್ಜ್ ಹೋದರೂ ಕೈಗೆ ಸಿಗುವ ಹಾಗೆ ಮಗನ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, 112 ನೆನಪಿರಲಿ.

ಆದರೂ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಸೌದೆ ಒಟ್ಟಿ, ಉರಿ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ನೋಡಿಕೊಳ್ಳುತ್ತ ನೀವು ಎಷ್ಟು ರಾತ್ರಿ ಒಬ್ಬರೇ ಕೂತಿಲ್ಲ! ಆಗ ಯಾರೂ ‘ಒಬ್ಬಳೇ ಹೇಗಿರ್ತೀಯಾ’ ಎಂದು ಕೇಳಲಿಲ್ಲವಲ್ಲ. ಹಗಲು ಹೊತ್ತಿನಲ್ಲಿ ಜನ ತುಂಬಿದ ಬಸ್ಸಿನಲ್ಲಿ ಕೂರಲು ಮಾತ್ರ ಏಕೆ ಗಂಡಸು ಜೊತೆಗಿರಬೇಕು?

ಫ್ರೀ ಬಸ್ಸಿನ ಹಂಗಿಸುವ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಡಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಟಿಕೆಟ್ ಆಸ್ಪತ್ರೆಗೆ ಹೋಗುವವಳಿಗೂ ಹೊಳೆ ನೋಡಲು ಹೋಗುವವಳಿಗೂ ಒಂದೇ. ಕಂಡಕ್ಟರಿಗೆ ಆಧಾರ್‌ನಂಥ ಗುರುತಿನ ಚೀಟಿ ತೋರಿಸಬೇಕು, ಕಾರಣ ಹೇಳಬೇಕಾಗಿಲ್ಲ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸದು.

ಇನ್ನು ‘ಒಬ್ರೇ ಬಂದ್ರಾ? ಯಾವೂರು? ಯಾರ ಪೈಕಿ?’ ಎಂದು ಕೇಳಿಯೇ ಕೇಳುತ್ತಾರೆ. ಮೊದಮೊದಲು ಅದು ನನಗೆ ಪೊಲೀಸ್ ವಿಚಾರಣೆಯ ಹಾಗೆ ಕೇಳಿಸುತ್ತಿತ್ತು. ಆಮೇಲೆ ತಿಳಿಯಿತು, ನಮ್ಮ ಕಡೆ ಮಾತಿಗೆ ಕರೆಯುವ ರೀತಿಯೇ ಅದು. ‘ಹೂಂ, ಒಬ್ಬಳೇ, ನೋಡೋಣ ಅಂತ ಬಂದೆ’ ಎನ್ನಿ. ಕೇಳಿದವರು ಹೆಂಗಸಾದರೆ ಹತ್ತರಲ್ಲಿ ಎಂಟು ಮಂದಿ ‘ನಂಗೂ ಹಿಂಗೆ ಬರ್ಬೇಕು ಅಂತ ಆಸೆ’ ಅನ್ನುತ್ತಾರೆ. ಗಂಡಸು ಬೇಡದ ಮಾತು ಬೆಳೆಸಿದರೆ ಎದ್ದು ಬಂದು ಹೆಂಗಸರ ಪಕ್ಕ ಕೂತುಕೊಳ್ಳಿ, ದಾಕ್ಷಿಣ್ಯ ಬೇಡ.

ಮೊದಲು ಬೈಲಕುಪ್ಪೆಗೇ ಹೋಗಿ. ಹುಣಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಬಸ್ಸುಗಳು ಬೇಕಾದಷ್ಟಿವೆ, ಕತ್ತಲಾದರೂ ಹೆದರಬೇಕಿಲ್ಲ. 1960ರ ದಶಕದ ಆರಂಭದಲ್ಲಿ ಟಿಬೆಟ್ ಬಿಟ್ಟು ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದ ನೆಲ ಅದು. ಚಿನ್ನದ ಬುದ್ಧರನ್ನು ನೋಡಿಯಾದ ಮೇಲೆ ಹೊರಗೆ ಮಣಿಚಕ್ರ ತಿರುಗಿಸುತ್ತ ಕೂರುವ ಅಜ್ಜಿಯರ ಬಳಿ ಸ್ವಲ್ಪ ಹೊತ್ತು ಕೂತು ಬನ್ನಿ. ನಾನು ಹೋದಾಗ ಒಬ್ಬ ಅಜ್ಜಿ ಸರಿದು ಜಾಗ ಮಾಡಿ, ಕನ್ನಡದಲ್ಲೇ ‘ಕೂತ್ಕೋ, ಕಾಲ್ ನೋವಾ?’ ಅಂದಿದ್ದರು. ಒಬ್ಬಳೇ ಏಕೆ ಬಂದೆ ಎಂದು ಆಕೆ ಕೇಳಲಿಲ್ಲ.

ಹೋಟೆಲಿನ ನಾಚಿಕೆ ನನಗೂ ಇತ್ತು. ಮೊದಲ ಸಲ ನಿಂತುಕೊಂಡೇ ಟೀ ಕುಡಿದು ಹಸಿದು ಮನೆಗೆ ಬಂದೆ. ನೀವು ಹಾಗೆ ಮಾಡಬೇಡಿ. ಹನ್ನೆರಡೂವರೆಗೇ, ಜನ ಸೇರುವ ಮುಂಚೆ ಒಳಗೆ ಹೋಗಿ, ಬಾಗಿಲ ಕಡೆ ಮುಖ ಮಾಡಿ ಕೂತುಕೊಳ್ಳಿ. ಬೈಲಕುಪ್ಪೆಯಲ್ಲಿ ತುಕ್ಪಾ ಎಂದು ಶ್ಯಾವಿಗೆ ಹಾಕಿದ ಬಿಸಿ ಸಾರು ಸಿಗುತ್ತದೆ. ಮಾಂಸ ಬೇಡವಾದರೆ ಮೊದಲೇ ಹೇಳಿ. ಬಟ್ಟಲು ದೊಡ್ಡದು, ಕುಡಿಯಲು ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ.